ಅಮೆರಿಕದಲ್ಲಿ ಫೆಡರಲ್ ಕೇಸು ಬಿದ್ದರೆ: ಬಾಗಿಲು ತಟ್ಟಿದ ದಿನದಿಂದ ಶಿಕ್ಷೆಯ ದಿನದವರೆಗೆ

"ತಮ್ಮನ ಮನೆಗೆ ಎಫ್‌ಬಿಐನವರು ಬಂದಿದ್ದರಂತೆ. ಅವನು ಕೂರಿಸಿ ಕಾಫಿ ಕೊಟ್ಟು ಎಲ್ಲಾ ಹೇಳಿದನಂತೆ. ಈಗ ಏನು ಮಾಡೋದು?" ಓದುಗರಿಂದ ಬರುವ ಪ್ರಶ್ನೆ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಕೇಳುವವರು ಕೆಲವೊಮ್ಮೆ ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಹೆಂಡತಿ, ಕೆಲವೊಮ್ಮೆ ಹಾಸನದಲ್ಲೋ ದಾವಣಗೆರೆಯಲ್ಲೋ ಇರುವ ಅಪ್ಪ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವುದರ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ಇದನ್ನು ದಾರಿ ತೋರಿಸುವ ನಕ್ಷೆ ಅಂದುಕೊಳ್ಳಿ. ನಿಮ್ಮ ಕೇಸಿಗೆ ನಿಮ್ಮ ವಕೀಲರ ಮಾತೇ ಕೊನೆ.

ಮೊದಲು ಫೆಡರಲ್ ಅಂದರೇನು ನೋಡೋಣ. ಅಮೆರಿಕದಲ್ಲಿ ಎರಡು ಬಗೆಯ ಕೋರ್ಟುಗಳಿವೆ. ಕುಡಿದು ಗಾಡಿ ಓಡಿಸುವುದು, ಮನೆಯ ಜಗಳ, ಅಂಗಡಿ ಕಳ್ಳತನ ಇವೆಲ್ಲ ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೆ ಹೋಗುತ್ತವೆ. ಕೇಂದ್ರ ಸರ್ಕಾರದ ಕಾನೂನು ಮುರಿದರೆ ಅದು ಫೆಡರಲ್ ಕೇಸು. ವೀಸಾ ಅರ್ಜಿಯಲ್ಲಿ ಸುಳ್ಳು ದಾಖಲೆ, ಫೋನ್ ಅಥವಾ ಇಂಟರ್‌ನೆಟ್ ಬಳಸಿ ಮೋಸ, ಬ್ಯಾಂಕ್ ವಂಚನೆ, ಆರೋಗ್ಯ ವಿಮೆಯ ಸುಳ್ಳು ಬಿಲ್ಲು, ಕಂಪನಿಯ ವ್ಯಾಪಾರ ಗುಟ್ಟು ಕದಿಯುವುದು, ಒಳಗಿನ ಮಾಹಿತಿ ಇಟ್ಟುಕೊಂಡು ಷೇರು ಮಾರುವುದು ಇದಕ್ಕೆ ಸೇರುತ್ತವೆ. ವಿದ್ಯಾರ್ಥಿಗಳು ಸಿಕ್ಕಿಬೀಳುವುದು ಇನ್ನೊಂದರಲ್ಲಿ. ಯಾರೋ ಹೇಳಿದರೆಂದು ತಮ್ಮ ಖಾತೆಗೆ ದುಡ್ಡು ಹಾಕಿಸಿಕೊಂಡು ಮುಂದಕ್ಕೆ ಕಳಿಸುತ್ತಾರೆ, ಅಥವಾ ವಯಸ್ಸಾದವರ ಮನೆಯಿಂದ ಪಾರ್ಸೆಲ್ ತಂದುಕೊಡುತ್ತಾರೆ. "ನಾನು ಬರೀ ಡೆಲಿವರಿ ಹುಡುಗ" ಅನ್ನುವುದು ಅಲ್ಲಿ ಅಷ್ಟು ಸುಲಭವಾಗಿ ನಡೆಯುವುದಿಲ್ಲ.

ಇಡೀ ದೇಶವನ್ನು 94 ಫೆಡರಲ್ ಜಿಲ್ಲೆಗಳಾಗಿ ಹಂಚಿದ್ದಾರೆ. ಪ್ರತಿ ಜಿಲ್ಲೆಗೂ ಒಂದು ಡಿಸ್ಟ್ರಿಕ್ಟ್ ಕೋರ್ಟ್ ಇದೆ. ಕೇಸು ನಡೆಸುವ ಸರ್ಕಾರಿ ವಕೀಲರನ್ನು ಅಸಿಸ್ಟೆಂಟ್ ಯುಎಸ್ ಅಟಾರ್ನಿ ಅನ್ನುತ್ತಾರೆ. ಇವರು ಸಾಮಾನ್ಯವಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದಾಖಲೆ ಕೂಡಿಹಾಕಿದ ಮೇಲೆ ತನಿಖಾ ಏಜೆಂಟರು ನಿಮ್ಮ ಬಾಗಿಲಿಗೆ ಬರುತ್ತಾರೆ. ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ಅವರಿಗೆ ಆಗಲೇ ಗೊತ್ತಿರುತ್ತದೆ.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ನಮ್ಮವರು ಎಡವುವುದು ಹೆಚ್ಚಾಗಿ ಇಲ್ಲೇ. ಭಾರತದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಹಾಗೇ ಇತ್ತು, 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೇ ಇದೆ. ಅಮೆರಿಕದಲ್ಲಿ ಇದು ತಲೆಕೆಳಗು. ನಿಮ್ಮ ಸೋಫಾದ ಮೇಲೆ ಕೂತು ನೀವು ಏಜೆಂಟ್‌ಗೆ ಹೇಳಿದ ಒಂದು ವಾಕ್ಯವೇ ಕೇಸಿನ ಮುಖ್ಯ ಸಾಕ್ಷಿಯಾಗಬಹುದು.

ನಿರೀಕ್ಷಣಾ ಜಾಮೀನು ಎಂಬುದು ಅಲ್ಲಿಲ್ಲ. ವಾಯಿದೆ ಮೇಲೆ ವಾಯಿದೆ ತಗೊಂಡು ಹತ್ತು ವರ್ಷ ಎಳೆಯುವುದೂ ಇಲ್ಲ. "ಯಾರಾದರೂ ದೊಡ್ಡವರಿಂದ ಒಂದು ಮಾತು ಹೇಳಿಸಿ" ಎಂದು ಕೆಲವರು ಕೇಳುತ್ತಾರೆ. ದಯವಿಟ್ಟು ಆ ದಾರಿಗೆ ಹೋಗಬೇಡಿ. ಅದೇ ಇನ್ನೊಂದು ಕೇಸಾಗುತ್ತದೆ.

ಹಂತ 1: ಬಾಗಿಲು ತಟ್ಟಿದಾಗ

ಬಂದವರು ಎಫ್‌ಬಿಐ ಇರಬಹುದು, ತೆರಿಗೆ ಇಲಾಖೆಯ ಅಪರಾಧ ವಿಭಾಗ ಇರಬಹುದು, ಎಚ್‌ಎಸ್‌ಐ ಎಂದು ಕರೆಯುವ ಗಡಿ ಮತ್ತು ವೀಸಾ ತನಿಖಾ ದಳ ಇರಬಹುದು. ಸಾಮಾನ್ಯವಾಗಿ ಇಬ್ಬರು ಬರುತ್ತಾರೆ. ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. "ಬರೀ ಐದು ನಿಮಿಷ, ನೀವು ತೊಂದರೆಯಲ್ಲಿಲ್ಲ" ಅನ್ನಲೂಬಹುದು.

ಹೆಸರು ಹೇಳಿ, ಅವರ ಕಾರ್ಡ್ ಇಸ್ಕೊಳ್ಳಿ. ಆಮೇಲೆ ಇಷ್ಟು ಮಾತ್ರ ಹೇಳಿ: "ಐ ವಾಂಟ್ ಎ ಲಾಯರ್. ಐ ವಿಲ್ ನಾಟ್ ಆನ್ಸರ್ ಕ್ವೆಶ್ಚನ್ಸ್ ವಿದೌಟ್ ಮೈ ಲಾಯರ್." ನನಗೆ ವಕೀಲರು ಬೇಕು, ಅವರಿಲ್ಲದೆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂದರ್ಥ. ಇದನ್ನು ಮನೆಯವರೆಲ್ಲ ಬಾಯಿಪಾಠ ಮಾಡಿಟ್ಟುಕೊಳ್ಳಿ.

"ನಾನು ಲಾಯರ್ ಹತ್ರ ಮಾತಾಡಿದರೆ ಒಳ್ಳೇದೇನೋ" ಎಂದು ಅರೆಬರೆ ಹೇಳಿದರೆ ಆಗುವುದಿಲ್ಲ. ಇಂಥ ಅನುಮಾನದ ಮಾತನ್ನು ವಕೀಲರ ಬೇಡಿಕೆ ಎಂದು ಲೆಕ್ಕಕ್ಕೆ ತಗೊಳ್ಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1994ರ ಡೇವಿಸ್ ಕೇಸಿನಲ್ಲೇ ಹೇಳಿದೆ. ಸುಮ್ನೆ ಬಾಯಿ ಮುಚ್ಚಿ ಕೂತರೂ ಸಾಲದು. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ವಾ, ಹೆಚ್ಚು ಕಡಿಮೆ ಹಾಗೇ ಆಗಿಬಿಡುತ್ತದೆ. ಬಂಧನವಿಲ್ಲದೆ ಸುಮ್ಮನೆ ವಿಚಾರಿಸುತ್ತಿರುವಾಗ ಒಬ್ಬ ಒಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡದೆ ಕೂತಿದ್ದ. ಆ ಮೌನವನ್ನೇ ಅವನ ವಿರುದ್ಧ ಬಳಸಿದರು. 2013ರ ಸಲಿನಾಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪು ಅನ್ನಲಿಲ್ಲ. ಸುಮ್ಮನಿರುವ ಹಕ್ಕು ಬೇಕಾದರೆ ಅದನ್ನು ಬಾಯಿಬಿಟ್ಟು ಕೇಳಬೇಕು.

ಇಲ್ಲಿ ಎರಡು ದೊಡ್ಡ ಗುಂಡಿಗಳಿವೆ.

ಒಂದು, ಸುಳ್ಳು. ಫೆಡರಲ್ ಅಧಿಕಾರಿಗೆ ಬೇಕೆಂದೇ ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದರೆ ಅದೇ ಪ್ರತ್ಯೇಕ ಅಪರಾಧ. ಸೆಕ್ಷನ್ 1001 ಅನ್ನುತ್ತಾರೆ, 5 ವರ್ಷದವರೆಗೆ ಶಿಕ್ಷೆ ಇದೆ. ಪ್ರಮಾಣ ಮಾಡಿರಬೇಕೆಂದಿಲ್ಲ, ಸಹಿ ಹಾಕಿರಬೇಕೆಂದೂ ಇಲ್ಲ. ಟಿವಿಯಿಂದ ಹೆಸರು ಮಾಡಿದ್ದ ಮಾರ್ಥಾ ಸ್ಟೀವರ್ಟ್ 2004ರಲ್ಲಿ 5 ತಿಂಗಳು ಜೈಲಿಗೆ ಹೋದರು. ಷೇರು ವಂಚನೆಯ ಆರೋಪವನ್ನು ಜಡ್ಜ್ ತಳ್ಳಿಹಾಕಿದ್ದರು. ಶಿಕ್ಷೆಯಾದದ್ದು ತನಿಖೆಗೆ ಅಡ್ಡಿ ಮಾಡಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ.

ಎರಡು, ಅಳಿಸುವುದು. ಗಾಬರಿಯಾದ ತಕ್ಷಣ ಕೈ ಹೋಗುವುದು ವಾಟ್ಸ್‌ಆ್ಯಪ್‌ಗೆ. ಬೇಡ. ಒಂದು ಮೆಸೇಜು, ಒಂದು ಮೇಲ್, ಒಂದು ಹಾಳೆ ಕೂಡ ಅಳಿಸಬೇಡಿ, ಹರಿಯಬೇಡಿ. ತನಿಖೆ ತಪ್ಪಿಸಲು ದಾಖಲೆ ನಾಶ ಮಾಡಿದರೆ 20 ವರ್ಷದವರೆಗೆ ಶಿಕ್ಷೆ ಕೊಡುವ ಕಾನೂನಿದೆ. ಎಷ್ಟೋ ಸಲ ಮೂಲ ತಪ್ಪಿಗಿಂತ ಇದೇ ಭಾರ. ಗೆಳೆಯನಿಗೆ ಫೋನ್ ಮಾಡಿ "ಕೇಳಿದರೆ ಹೀಗೆ ಹೇಳು" ಅನ್ನುವುದೂ ಇದೇ ಜಾತಿಯದು.

ಶೋಧನೆಗೆ ಬಂದಿದ್ದರೆ ವಾರಂಟ್ ತೋರಿಸಿ ಎಂದು ಕೇಳಿ. ಜಡ್ಜ್ ಸಹಿ ಇದ್ದರೆ ತಡೆಯಬೇಡಿ, ಜಗಳವೂ ಬೇಡ. ವಾರಂಟ್ ಇಲ್ಲದಿದ್ದರೆ "ಐ ಡು ನಾಟ್ ಕನ್ಸೆಂಟ್" ಎಂದು ಹೇಳಿ. ಒಪ್ಪಿಗೆ ಇಲ್ಲ ಎಂದರ್ಥ. ಐಸ್ ಎಂಬ ವಲಸೆ ದಳದ ಅಧಿಕಾರಿಗಳೇ ಸಹಿ ಹಾಕಿ ತರುವ ಕಾಗದಕ್ಕೂ ಜಡ್ಜ್ ಸಹಿ ಮಾಡಿದ ವಾರಂಟಿಗೂ ವ್ಯತ್ಯಾಸವಿದೆ. ಅದನ್ನು ಓದಿ ನೋಡಿ. ಫೋನಿನ ಪಾಸ್‌ಕೋಡ್ ಕೇಳಿದರೆ ವಕೀಲರ ಜೊತೆ ಮಾತಾಡದೆ ಕೊಡಬೇಡಿ.

ಇನ್ನೊಂದು ಮಾತು. ಫೋನಿನಲ್ಲಿ "ನಾವು ಎಫ್‌ಬಿಐ, ದುಡ್ಡು ಕಳಿಸದಿದ್ದರೆ ಈಗಲೇ ಅರೆಸ್ಟ್" ಅಂದರೆ ಅದು ಮೋಸದ ಕರೆ. ನಿಜವಾದ ಏಜೆಂಟರು ಗಿಫ್ಟ್ ಕಾರ್ಡ್ ಕೇಳುವುದಿಲ್ಲ, ವಿಡಿಯೋ ಕಾಲ್‌ನಲ್ಲಿ ಕೂಡಿಹಾಕುವುದೂ ಇಲ್ಲ.

ಹಂತ 2: ಕಾಗದ ಬಂದಿದ್ದರೆ ಅದನ್ನು ಓದುವುದು

ಎಲ್ಲರಿಗೂ ಏಜೆಂಟರು ಬರುವುದಿಲ್ಲ. ಕೆಲವರಿಗೆ ಸಬ್‌ಪೀನಾ ಬರುತ್ತದೆ. ದಾಖಲೆ ಕೊಡಿ ಅಥವಾ ಬಂದು ಸಾಕ್ಷಿ ಹೇಳಿ ಎಂಬ ಆದೇಶ ಅದು. ಕೆಲವರಿಗೆ ಟಾರ್ಗೆಟ್ ಲೆಟರ್ ಬರುತ್ತದೆ. ಟಾರ್ಗೆಟ್ ಅಂದರೆ ಸರ್ಕಾರದ ಗುರಿ ನೀವೇ. ಸಬ್ಜೆಕ್ಟ್ ಅಂದರೆ ನಿಮ್ಮ ನಡೆಯನ್ನು ಪರಿಶೀಲಿಸುತ್ತಿದ್ದಾರೆ, ಇನ್ನೂ ತೀರ್ಮಾನವಾಗಿಲ್ಲ. ವಿಟ್ನೆಸ್ ಅಂದರೆ ಬರೀ ಸಾಕ್ಷಿ. ಇಂದು ಸಾಕ್ಷಿಯಾಗಿದ್ದವರು ನಾಳೆ ಟಾರ್ಗೆಟ್ ಆಗಬಹುದು. ಹಾಗಾಗಿ ಯಾವ ಕಾಗದ ಬಂದರೂ ಉತ್ತರ ನೀವೇ ಬರೆಯಬೇಡಿ. ಸುಮ್ಮನೆ ಬಿಡುವುದೂ ತಪ್ಪು.

ಕಂಪನಿಯಲ್ಲಿ ಒಳತನಿಖೆ ನಡೆದಾಗ ಕಂಪನಿ ವಕೀಲರು ಕರೆದು ಕೂರಿಸಿ ಮಾತಾಡಿಸುತ್ತಾರೆ. ಅವರು ಕಂಪನಿಯ ವಕೀಲರು, ನಿಮ್ಮವರಲ್ಲ. ನೀವು ಹೇಳಿದ್ದನ್ನು ಕಂಪನಿ ಬಯಸಿದರೆ ಸರ್ಕಾರಕ್ಕೆ ಕೊಡಬಹುದು. ಇದನ್ನು ಅವರೇ ಮೊದಲು ಓದಿ ಹೇಳುತ್ತಾರೆ. ನಮ್ಮವರು ಅದನ್ನು ಔಪಚಾರಿಕತೆ ಅಂದುಕೊಂಡು ತಲೆಯಾಡಿಸಿಬಿಡುತ್ತಾರೆ.

ಹಂತ 3: ವಕೀಲರನ್ನು ಹಿಡಿಯುವುದು

ನಿಮ್ಮ ಎಚ್-1ಬಿ ಮಾಡಿಸಿಕೊಟ್ಟ ವಕೀಲರು ಈ ಕೆಲಸಕ್ಕಲ್ಲ. ಮನೆ ಕೊಂಡಾಗ ಸಿಕ್ಕವರೂ ಅಲ್ಲ. ನಿಮ್ಮ ಜಿಲ್ಲೆಯ ಫೆಡರಲ್ ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸಿ ಪಳಗಿದವರು ಬೇಕು. ಮೊದಲ ಭೇಟಿಯಲ್ಲಿ ಇಷ್ಟು ಕೇಳಿ. ಫೆಡರಲ್ ಕೇಸು ಎಷ್ಟು ನಡೆಸಿದ್ದೀರಿ? ವಿಚಾರಣೆವರೆಗೆ ಹೋದದ್ದು ಎಷ್ಟು? ಫೀಸು ಯಾವ ಹಂತದವರೆಗೆ, ವಿಚಾರಣೆಗೆ ಹೋದರೆ ಬೇರೆಯಾ? ವಲಸೆ ಕಾನೂನಿಗೆ ಯಾರನ್ನು ಕೇಳುತ್ತೀರಿ? "ಗ್ಯಾರಂಟಿ ಗೆಲ್ಲಿಸ್ತೀನಿ" ಅಂದವರಿಗೆ ಕೈ ಮುಗಿದು ಎದ್ದು ಬನ್ನಿ.

ದುಡ್ಡಿಲ್ಲದಿದ್ದರೆ ಹೆದರಬೇಡಿ. ಕೋರ್ಟೇ ವಕೀಲರನ್ನು ಕೊಡುತ್ತದೆ, ಇದಕ್ಕೆ 1964ರಿಂದ ಕಾನೂನಿದೆ. ನೀವು ಅಮೆರಿಕದ ಪ್ರಜೆ ಆಗಿರಬೇಕೆಂದೇನೂ ಇಲ್ಲ. ಆಸ್ತಿ, ಆದಾಯದ ವಿವರವನ್ನು ಒಂದು ಫಾರಂನಲ್ಲಿ ಬರೆದು ಕೊಡಬೇಕು. ಅದರಲ್ಲಿ ಊರಿನ ಸೈಟು, ಜಮೀನು ಮುಚ್ಚಿಡಬೇಡಿ. ಕೋರ್ಟು ಕೊಡುವ ವಕೀಲರು ಅಂದರೆ ಉದಾಸೀನ ಬೇಡ. ಫೆಡರಲ್ ಪಬ್ಲಿಕ್ ಡಿಫೆಂಡರ್‌ಗಳು ದಿನವೂ ಇದೇ ಕೋರ್ಟಿನಲ್ಲಿ ಇದೇ ಕೆಲಸ ಮಾಡುವವರು. ಫೀಸು ಕಿತ್ತುಕೊಳ್ಳುವ ಅರೆಬೆಂದ ವಕೀಲರಿಗಿಂತ ಇವರು ಎಷ್ಟೋ ಮೇಲು ಎನ್ನುವುದು ನನ್ನ ಅಭಿಪ್ರಾಯ.

ವಕೀಲರ ಜೊತೆ ಆಡಿದ ಮಾತು ಗುಟ್ಟು. ಆದರೆ ಪಕ್ಕದಲ್ಲಿ ಭಾವಮೈದುನನನ್ನು ಕೂರಿಸಿಕೊಂಡರೆ ಆ ರಕ್ಷಣೆ ಹೋಗಬಹುದು. ಭಾಷೆಗೆ ಸಹಾಯ ಬೇಕಿದ್ದರೆ ವಕೀಲರೇ ದುಭಾಷಿ ಗೊತ್ತು ಮಾಡಲಿ. ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಸಿನ ಕಥೆ ಹೇಳಿಕೊಳ್ಳುವುದಂತೂ ಬೇಡವೇ ಬೇಡ. ಗೆಳೆಯರನ್ನೂ ಸಾಕ್ಷಿಗೆ ಕರೆಯಬಹುದು.

ಹಂತ 4: ಬಂಧನ, ಮೊದಲ ಹಾಜರಿ, ಜಾಮೀನು

ಬಂಧಿಸಿದ ಮೇಲೆ ತಡಮಾಡದೆ ಮ್ಯಾಜಿಸ್ಟ್ರೇಟ್ ಜಡ್ಜ್ ಮುಂದೆ ಹಾಜರುಪಡಿಸಬೇಕು. ಜಡ್ಜ್ ಆರೋಪ ಓದುತ್ತಾರೆ, ಹಕ್ಕು ತಿಳಿಸುತ್ತಾರೆ. ನೀವು ಅಮೆರಿಕದ ಪ್ರಜೆ ಅಲ್ಲದಿದ್ದರೆ ನಿಮ್ಮ ದೇಶದ ಕಾನ್ಸುಲೇಟ್‌ಗೆ ತಿಳಿಸಬೇಕೆಂದು ಕೇಳಬಹುದು ಎಂದೂ ಹೇಳುತ್ತಾರೆ. ಹೂಂ ಅನ್ನಿ. ಕಾನ್ಸುಲೇಟ್ ಕೇಸು ಗೆಲ್ಲಿಸುವುದಿಲ್ಲ, ಆದರೆ ಜೈಲಿಗೆ ಬಂದು ನೋಡಬಹುದು, ಮನೆಗೆ ಸುದ್ದಿ ಮುಟ್ಟಿಸಬಹುದು.

ಇಂಗ್ಲಿಷ್‌ನಲ್ಲಿ ಆಫೀಸ್ ಕೆಲಸ ಮಾಡುತ್ತೀರಿ, ನಿಜ. ಆದರೂ ಕೋರ್ಟಿನ ಇಂಗ್ಲಿಷ್ ಬೇರೆ. ಅನುಮಾನವಿದ್ದರೆ ಕನ್ನಡ ದುಭಾಷಿ ಬೇಕು ಎಂದು ಸ್ಪಷ್ಟವಾಗಿ ಕೇಳಿ. ಭಾರತದವರು ಅಂದರೆ ಹಿಂದಿ ದುಭಾಷಿಯನ್ನು ತಂದು ಕೂರಿಸಿಬಿಡಬಹುದು. "ಆಗಲಿ ಪರವಾಗಿಲ್ಲ" ಅನ್ನಬೇಡಿ.

ಜಾಮೀನಿನಲ್ಲಿ ಜಡ್ಜ್ ನೋಡುವುದು ಎರಡೇ: ಓಡಿಹೋಗುತ್ತಾರಾ, ಬೇರೆಯವರಿಗೆ ಅಪಾಯವಾ? ವೀಸಾದಲ್ಲಿ ಇರುವವರ ವಿಷಯದಲ್ಲಿ ಮೊದಲನೆಯದೇ ತೊಡಕು. ಹೊರದೇಶದಲ್ಲಿ ಮನೆ, ಅಪ್ಪ-ಅಮ್ಮ, ಆಸ್ತಿ ಎಲ್ಲವೂ ನಿಮ್ಮ ವಿರುದ್ಧದ ವಾದವಾಗುತ್ತದೆ. ಸರ್ಕಾರ ಈ ವಿಚಾರಣೆಯನ್ನು 3 ದಿನ ಮುಂದೂಡಲು ಕೇಳಬಹುದು, ನಿಮ್ಮ ವಕೀಲರು 5 ದಿನ ಕೇಳಬಹುದು. ಆ ದಿನಗಳಲ್ಲಿ ಮನೆಯವರು ಮಾಡಬೇಕಾದ ಕೆಲಸ ಇದೆ. ಪಾಸ್‌ಪೋರ್ಟ್ ಹುಡುಕಿಡಿ, ಅದನ್ನು ಒಪ್ಪಿಸಬೇಕಾಗುತ್ತದೆ. ಬಾಡಿಗೆ ಕರಾರು, ಮಕ್ಕಳ ಶಾಲೆಯ ಕಾಗದ, ಸಂಬಳದ ಚೀಟಿ ಜೋಡಿಸಿ. ಜೊತೆಗೆ ಮುಚ್ಚಳಿಕೆ ಬರೆದುಕೊಡಲು ಒಪ್ಪುವ ಒಬ್ಬಿಬ್ಬರು ಬೇಕು. ಫೆಡರಲ್ ಕೋರ್ಟಿನಲ್ಲಿ ದುಡ್ಡು ಕಟ್ಟದೆ ಬರೀ ಸಹಿಯ ಬಾಂಡ್ ಮೇಲೆ ಬಿಡುವುದೂ ಉಂಟು. ಕಾಲಿಗೆ ಜಿಪಿಎಸ್ ಪಟ್ಟಿ ಹಾಕಬಹುದು.

ಜಾಮೀನು ಸಿಕ್ಕರೂ ಐಸ್ ಬಂದು ಹಿಡಿದುಕೊಂಡು ಹೋಗುವ ಸಾಧ್ಯತೆ ಇರುತ್ತದೆ. ಜಾಮೀನಿಗೆ ಅರ್ಜಿ ಹಾಕುವ ಮುಂಚೆಯೇ ಇದನ್ನು ವಕೀಲರ ಹತ್ತಿರ ಕೇಳಿ. ಕ್ರಿಮಿನಲ್ ಬಂಧನ ಬೇರೆ, ವಲಸೆ ಬಂಧನ ಬೇರೆ. 2019ರಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ಎಂಬ ನಕಲಿ ವಿಶ್ವವಿದ್ಯಾಲಯದ ಸುದ್ದಿ ಓದಿರುತ್ತೀರಿ. ಸರ್ಕಾರವೇ ಬಲೆ ಬೀಸಲು ತೆರೆದಿದ್ದ ಕಾಲೇಜು ಅದು. ವಿದ್ಯಾರ್ಥಿಗಳನ್ನು ಸೇರಿಸಿಕೊಡುತ್ತಿದ್ದ 8 ಮಂದಿಯ ಮೇಲೆ ಫೆಡರಲ್ ಕ್ರಿಮಿನಲ್ ಕೇಸು ಬಿತ್ತು. ಸಿಕ್ಕಿಬಿದ್ದ ನೂರಕ್ಕೂ ಜಾಸ್ತಿ ವಿದ್ಯಾರ್ಥಿಗಳನ್ನು ಹಿಡಿದದ್ದು ವಲಸೆ ಕಾನೂನಿನಡಿ. ವಲಸೆ ಕೋರ್ಟಿನಲ್ಲಿ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವುದಿಲ್ಲ.

ಜೈಲಿನ ಫೋನ್ ರೆಕಾರ್ಡ್ ಆಗುತ್ತದೆ. "ಕನ್ನಡದಲ್ಲಿ ಮಾತಾಡಿದರೆ ಇವರಿಗೇನು ತಿಳಿಯುತ್ತೆ" ಅಂದುಕೊಳ್ಳಬೇಡಿ. ಭಾಷಾಂತರ ಮಾಡಿಸಲು ಅವರಿಗೆ ಜನ ಸಿಗುತ್ತಾರೆ. ಊಟ, ಆರೋಗ್ಯ, ಮಕ್ಕಳ ಸುದ್ದಿ ಮಾತಾಡಿ. ಕೇಸು ಬೇಡ.

ಹಂತ 5: ಗ್ರ್ಯಾಂಡ್ ಜ್ಯೂರಿ ಮತ್ತು ಆರೋಪ ಪತ್ರ

ಗ್ರ್ಯಾಂಡ್ ಜ್ಯೂರಿ ಅಂದರೆ 16ರಿಂದ 23 ಸಾಮಾನ್ಯ ನಾಗರಿಕರು ಮುಚ್ಚಿದ ಬಾಗಿಲ ಹಿಂದೆ ಕೂತು ಕೇಸು ಹಾಕಬಹುದೇ ಎಂದು ನೋಡುವ ಗುಂಪು. 12 ಮಂದಿ ಹೂಂ ಅಂದರೆ ಇಂಡೈಟ್‌ಮೆಂಟ್, ಅಂದರೆ ಆರೋಪ ಪತ್ರ ಹೊರಬೀಳುತ್ತದೆ. ಅಲ್ಲಿ ನಿಮ್ಮ ವಕೀಲರಿಗೆ ಪ್ರವೇಶವಿಲ್ಲ. ಇಂಡೈಟ್ ಆಯಿತು ಅಂದರೆ ತಪ್ಪು ಸಾಬೀತಾಯಿತು ಎಂದಲ್ಲ.

ಬಂಧನವಾದ 30 ದಿನದೊಳಗೆ ಆರೋಪ ಪತ್ರ ಬರಬೇಕು. ಆಮೇಲೆ 70 ದಿನದೊಳಗೆ ವಿಚಾರಣೆ ಶುರುವಾಗಬೇಕು. ಆದರೆ ಅರ್ಜಿಗಳ ಕಾಲ, ತಯಾರಿಗೆ ಕೇಳಿದ ಕಾಲ ಎಲ್ಲ ಈ ಲೆಕ್ಕದಿಂದ ಕಳೆದುಹೋಗುವುದರಿಂದ ದೊಡ್ಡ ಕೇಸು ವರ್ಷ ದಾಟುವುದು ಮಾಮೂಲು. ಇದರ ನಡುವೆ ಅರೇನ್‌ಮೆಂಟ್ ಎಂಬ ಹಾಜರಿ ಇದೆ. ಅಲ್ಲಿ ಬಹುತೇಕ ಎಲ್ಲರೂ "ನಾಟ್ ಗಿಲ್ಟಿ" ಅನ್ನುತ್ತಾರೆ. ಅದು ಸುಳ್ಳು ಹೇಳಿದಂತಲ್ಲ. ಸಾಬೀತು ಮಾಡುವ ಹೊಣೆ ನಿಮ್ಮದು ಎಂದು ಸರ್ಕಾರಕ್ಕೆ ಹೇಳುವ ರೀತಿ ಅಷ್ಟೇ.

ಹಂತ 6: ಸರ್ಕಾರದ ಕೈಯಲ್ಲಿ ಏನಿದೆ ಎಂದು ನೋಡುವುದು

ಇದಕ್ಕೆ ಡಿಸ್ಕವರಿ ಅನ್ನುತ್ತಾರೆ. ನಿಮ್ಮ ಹೇಳಿಕೆ, ವಶಪಡಿಸಿದ ವಸ್ತು, ದಾಖಲೆ, ಪರೀಕ್ಷಾ ವರದಿಗಳನ್ನು ಸರ್ಕಾರ ತೋರಿಸಬೇಕು. ನಿಮಗೆ ಅನುಕೂಲವಾಗುವ ಸಾಕ್ಷಿಯನ್ನೂ ಬಚ್ಚಿಡುವಂತಿಲ್ಲ. 1963ರ ಬ್ರೇಡಿ ತೀರ್ಪಿನ ಫಲ ಅದು. ಸಾವಿರಾರು ಪುಟದ ಮೇಲ್ ಬರಬಹುದು. ವಕೀಲರ ಜೊತೆ ಕೂತು ಓದಿ. ಯಾವ ಮೇಲ್ ಯಾವ ಸಂದರ್ಭದ್ದು ಎಂದು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಶೋಧನೆ ಅಕ್ರಮವಾಗಿದ್ದರೆ, ಹೇಳಿಕೆ ಬಲವಂತದ್ದಾಗಿದ್ದರೆ ಅದನ್ನು ಹೊರಗಿಡಿ ಎಂದು ಕೇಳುವ ಅರ್ಜಿಯ ಕಾಲವೂ ಇದೇ.

ಹಂತ 7: ಒಪ್ಪಂದವೋ, ವಿಚಾರಣೆಯೋ

ಫೆಡರಲ್ ಆರೋಪಿಗಳಲ್ಲಿ ನೂರಕ್ಕೆ ಸುಮಾರು 90 ಮಂದಿ ತಪ್ಪೊಪ್ಪಿಕೊಳ್ಳುತ್ತಾರೆ. ವಿಚಾರಣೆಗೆ ಹೋಗುವವರು ನೂರಕ್ಕೆ ಎರಡೋ ಮೂರೋ. ಪ್ಯೂ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆ 2022ರ ಲೆಕ್ಕ ಹಾಕಿದಾಗ ವಿಚಾರಣೆಯಲ್ಲಿ ಗೆದ್ದು ಹೊರಬಂದವರು ಒಟ್ಟು ಆರೋಪಿಗಳಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಬಹಳಷ್ಟು ಕೇಸುಗಳು ಕಟಕಟೆಯಲ್ಲಿ ಮುಗಿಯುವುದಿಲ್ಲ, ಇಬ್ಬರು ವಕೀಲರ ಮಾತುಕತೆಯಲ್ಲಿ ಮುಗಿಯುತ್ತವೆ. ಅದಕ್ಕೇ ಒಪ್ಪಂದದ ಪ್ರತಿ ಸಾಲನ್ನೂ ಓದಬೇಕು. ಯಾವ ಸೆಕ್ಷನ್, ನಷ್ಟ ಎಷ್ಟು ಡಾಲರ್ ಎಂದು ಬರೆದಿದ್ದಾರೆ, ಮೇಲ್ಮನವಿಯ ಹಕ್ಕು ಬಿಟ್ಟುಕೊಡುತ್ತಿದ್ದೀರಾ, ಎಲ್ಲವನ್ನೂ.

ವೀಸಾ ಅಥವಾ ಗ್ರೀನ್ ಕಾರ್ಡ್‌ನಲ್ಲಿರುವವರು ಇಲ್ಲಿ ಎರಡು ಪಟ್ಟು ಎಚ್ಚರವಾಗಿರಬೇಕು. "ಜೈಲಿಲ್ಲ, ಬರೀ ಪ್ರೊಬೇಶನ್, ಸಹಿ ಹಾಕಿ" ಅಂದಾಗ ಮನಸ್ಸು ಹಗುರಾಗುತ್ತದೆ. ಪ್ರೊಬೇಶನ್ ಅಂದರೆ ಜೈಲಿನ ಬದಲು ಕೋರ್ಟಿನ ನಿಗಾದಲ್ಲಿ ಹೊರಗಿರುವುದು. ಆದರೆ ನಷ್ಟ 10,000 ಡಾಲರ್ ದಾಟಿದ ವಂಚನೆಯನ್ನು ವಲಸೆ ಕಾನೂನು "ಅಗ್ರವೇಟೆಡ್ ಫೆಲನಿ", ಅಂದರೆ ಗಡೀಪಾರಿಗೆ ದಾರಿಯಾಗುವ ಘೋರ ಅಪರಾಧ ಅನ್ನುತ್ತದೆ. ಒಂದು ದಿನ ಜೈಲಿಲ್ಲದಿದ್ದರೂ ಇಪ್ಪತ್ತು ವರ್ಷ ಕಟ್ಟಿದ ಬದುಕು ಬಿಟ್ಟು ವಿಮಾನ ಹತ್ತಬೇಕಾಗಬಹುದು. ಗಡೀಪಾರಿನ ಪರಿಣಾಮವನ್ನು ವಕೀಲರು ಹೇಳಲೇಬೇಕು ಎಂದು 2010ರ ಪಡಿಯಾ ತೀರ್ಪು ಹೇಳುತ್ತದೆ. ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಎಷ್ಟೋ ಸಲ ಸೆಕ್ಷನ್ ಬದಲಾಯಿಸಿಕೊಂಡರೆ ಅಥವಾ ನಷ್ಟದ ಮೊತ್ತದ ಮಾತು ಬದಲಾದರೆ ದೇಶದಲ್ಲಿ ಉಳಿಯುವ ದಾರಿ ಸಿಗುತ್ತದೆ. ಸಹಿ ಹಾಕಿದ ಮೇಲೆ ಆ ದಾರಿ ಮುಚ್ಚುತ್ತದೆ.

ಪ್ರಾಫರ್ ಎಂಬ ಮಾತನ್ನೂ ಕೇಳುತ್ತೀರಿ. ಸರ್ಕಾರಿ ವಕೀಲರ ಮುಂದೆ ಕೂತು ಗೊತ್ತಿದ್ದನ್ನು ಹೇಳುವ ಸಭೆ ಅದು. ಹೇಳಿದ್ದನ್ನು ನೇರವಾಗಿ ನಿಮ್ಮ ವಿರುದ್ಧ ಬಳಸುವುದಿಲ್ಲ ಎಂಬ ಪತ್ರ ಕೊಡುತ್ತಾರೆ. ಆದರೆ ಆ ಸುಳಿವು ಹಿಡಿದು ಬೇರೆ ಸಾಕ್ಷಿ ಹುಡುಕಬಹುದು. ಮುಂದೆ ಬೇರೆ ಥರ ಮಾತಾಡಿದರೆ ಇದನ್ನೇ ಹೊರತೆಗೆಯಬಹುದು. ವಕೀಲರಿಲ್ಲದೆ ಒಬ್ಬರೇ ಹೋಗಲೇಬೇಡಿ.

ವಿಚಾರಣೆಗೆ ಹೋದರೆ 12 ಸಾಮಾನ್ಯ ನಾಗರಿಕರ ಜ್ಯೂರಿ ಒಮ್ಮತದಿಂದ ತೀರ್ಪು ಕೊಡಬೇಕು. ಸಮಂಜಸ ಅನುಮಾನ ಉಳಿಯದಂತೆ ಸರ್ಕಾರ ಸಾಬೀತು ಮಾಡಬೇಕು. ನೀವು ಸಾಕ್ಷಿ ಹೇಳುವುದು, ಬಿಡುವುದು ನಿಮ್ಮದೇ ತೀರ್ಮಾನ.

ಹಂತ 8: ಶಿಕ್ಷೆ

ಪತ್ರಿಕೆಯಲ್ಲಿ "20 ವರ್ಷ ಜೈಲು ಸಾಧ್ಯತೆ" ಎಂದು ಓದಿ ಊರಲ್ಲಿ ಅಪ್ಪ-ಅಮ್ಮ ಊಟ ಬಿಡುತ್ತಾರೆ. ಅದು ಕಾನೂನು ಹಾಕಿದ ಗರಿಷ್ಠ ಮಿತಿ. ನಿಜವಾದ ಲೆಕ್ಕ ಗೈಡ್‌ಲೈನ್ಸ್ ಎಂಬ ಪಟ್ಟಿಯಿಂದ ಶುರುವಾಗುತ್ತದೆ. ಅದರಲ್ಲಿ ಅಪರಾಧಕ್ಕೆ 43 ಮಟ್ಟ, ಹಳೆಯ ದಾಖಲೆಗೆ 6 ವರ್ಗ ಇವೆ. ವಂಚನೆಯ ಕೇಸುಗಳಲ್ಲಿ ಮಟ್ಟವನ್ನು ಏರಿಸುವುದು ಹೆಚ್ಚಾಗಿ ನಷ್ಟದ ಮೊತ್ತ. ತಪ್ಪೊಪ್ಪಿಕೊಂಡರೆ ಎರಡು ಅಥವಾ ಮೂರು ಮಟ್ಟ ಇಳಿಯುತ್ತದೆ. 2005ರ ಬೂಕರ್ ತೀರ್ಪಿನ ನಂತರ ಈ ಪಟ್ಟಿ ಬರೀ ಸಲಹೆ, ಜಡ್ಜ್ ಕೆಳಗೂ ಇಳಿಯಬಹುದು, ಮೇಲೂ ಹೋಗಬಹುದು. ಕನಿಷ್ಠ ಶಿಕ್ಷೆ ಕಡ್ಡಾಯವಿರುವ ಕೆಲವು ಅಪರಾಧಗಳಲ್ಲಿ ಮಾತ್ರ ಆ ಸ್ವಾತಂತ್ರ್ಯ ಕಡಿಮೆ.

ಇದಕ್ಕೆ ಮುಂಚೆ ಪ್ರೊಬೇಶನ್ ಅಧಿಕಾರಿ ನಿಮ್ಮ ಬದುಕಿನ ಬಗ್ಗೆ ಒಂದು ವರದಿ ಬರೆಯುತ್ತಾರೆ. ಜಡ್ಜ್ ಓದುವುದು ಅದನ್ನು, ಜೈಲಿನಲ್ಲಿ ಹಿಂಬಾಲಿಸುವುದೂ ಅದೇ. ತಪ್ಪಿದ್ದರೆ 14 ದಿನದೊಳಗೆ ಆಕ್ಷೇಪ ಹಾಕಬೇಕು. ಫೆಡರಲ್ ಜೈಲಿನಲ್ಲಿ ಈಗ ಪರೋಲ್, ಅಂದರೆ ಅವಧಿಗೆ ಮುಂಚೆ ಷರತ್ತಿನ ಮೇಲೆ ಬಿಡುವುದು ಇಲ್ಲ. ಒಳ್ಳೆಯ ನಡತೆಗೆ ವರ್ಷಕ್ಕೆ 54 ದಿನದವರೆಗೆ ಕಡಿತ ಸಿಗುತ್ತದೆ.

ಮೇಲ್ಮನವಿಗೂ 14 ದಿನವೇ. ಊರಲ್ಲಿ ಸಿಗುವಷ್ಟು ಅವಧಿ ಅಲ್ಲಿಲ್ಲ. ಶಿಕ್ಷೆಯಾದ ದಿನವೇ ವಕೀಲರಿಗೆ ಬರಹದಲ್ಲಿ ತಿಳಿಸಿ.

"ಊರಿಗೆ ಓಡಿಬಂದುಬಿಟ್ಟರೆ?"

ಇದನ್ನು ಪಿಸುಮಾತಿನಲ್ಲಿ ಕೇಳುವವರಿದ್ದಾರೆ. ಭಾರತ ಮತ್ತು ಅಮೆರಿಕದ ನಡುವೆ 1997ರಲ್ಲಿ ಆರೋಪಿಗಳ ಹಸ್ತಾಂತರ ಒಪ್ಪಂದ ಆಗಿದೆ. ಜಾಮೀನು ಮುರಿದದ್ದು ಹೊಸ ಅಪರಾಧ. ನ್ಯಾಯದಿಂದ ತಲೆತಪ್ಪಿಸಿಕೊಂಡವರಿಗೆ, ಇಷ್ಟು ವರ್ಷದೊಳಗೆ ಕೇಸು ಹಾಕಬೇಕು ಎಂಬ ಕಾಲಮಿತಿಯ ರಕ್ಷಣೆಯೂ ಇಲ್ಲ. ಜಾಮೀನಿಗೆ ಸಹಿ ಹಾಕಿದ ಗೆಳೆಯನ ಮನೆ ಹೋಗಬಹುದು.

ಊರಲ್ಲಿರುವವರಿಗೆ ಎರಡು ಕೆಲಸ

ಕೇಸಿನ ಸ್ಥಿತಿ ತಿಳಿಯಲು ಯಾರಿಗೂ ಫೋನ್ ಮಾಡಿ ಅಂಗಲಾಚಬೇಕಾಗಿಲ್ಲ. ಪೇಸರ್ ಎಂಬ ಫೆಡರಲ್ ಕೋರ್ಟುಗಳ ಜಾಲತಾಣದಲ್ಲಿ ಖಾತೆ ತೆರೆದರೆ ದಾಖಲೆಗಳು ಕಾಣುತ್ತವೆ, ಕೋರ್ಟು ಗುಟ್ಟಾಗಿಡಲು ಸೀಲ್ ಮಾಡಿದವನ್ನು ಬಿಟ್ಟು. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ದುಡ್ಡೇ ಕೇಳುವುದಿಲ್ಲ.

ಇನ್ನೊಂದು, ಶಿಕ್ಷೆಗೆ ಮುಂಚೆ ಜಡ್ಜ್‌ಗೆ ಬರೆಯುವ ಪತ್ರ. ಹೈಸ್ಕೂಲ್ ಮೇಷ್ಟ್ರು, ಪಕ್ಕದ ಮನೆಯವರು, ಜೊತೆಗೆ ಕೆಲಸ ಮಾಡಿದವರು ಬರೆಯಬಹುದು. ಕನ್ನಡದಲ್ಲಿ ಬರೆದು ಇಂಗ್ಲಿಷ್ ಅನುವಾದ ಲಗತ್ತಿಸಿದರೂ ಸಾಕು. "ನಮ್ಮ ಹುಡುಗ ಬಹಳ ಒಳ್ಳೆಯವನು" ಎಂದು ಹತ್ತು ಸಲ ಬರೆಯುವುದಕ್ಕಿಂತ ಕಣ್ಣಾರೆ ಕಂಡ ಒಂದು ಘಟನೆ ಬರೆಯಿರಿ. ತಪ್ಪೊಪ್ಪಿಕೊಂಡ ಕೇಸಿನಲ್ಲಿ ಅವನು ನಿರಪರಾಧಿ ಎಂದು ವಾದಿಸಬೇಡಿ, ಅವನಿಗೇ ಪೆಟ್ಟು. ಎಂಎಲ್ಎ ಲೆಟರ್‌ಹೆಡ್‌ಗೆ ಅಲೆಯಬೇಡಿ. ಪತ್ರವನ್ನು ಕೋರ್ಟಿಗೆ ನೇರವಾಗಿ ಅಂಚೆಗೆ ಹಾಕಬೇಡಿ, ವಕೀಲರಿಗೆ ಕಳಿಸಿ. ಯಾವುದನ್ನು ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಅವರು ನೋಡುತ್ತಾರೆ.